ಕೋಡ್ ಬಂತೆಂದು ಸೆನ್ಸರ್ ಬಿಚ್ಚುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಪೆಟ್ರೋಲ್ ಪಿಕಪ್‌ಗಳ ದುರಸ್ತಿ ಕುರಿತು ವಾಹನ ಪುಟಗಳಲ್ಲಿ ಬರುವ ಸಲಹೆ ಸಾಮಾನ್ಯವಾಗಿ ಒಂದೇ ಜಾಡಿನದು: ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹತ್ತಿದರೆ ಸ್ಕ್ಯಾನರ್ ಹಾಕಿಸಿ, ಯಾವ ಸೆನ್ಸರಿನ ಕೋಡ್ (ದೋಷ ಸೂಚಿಸುವ ಸಂಖ್ಯೆ) ಬರುತ್ತದೋ ಆ ಸೆನ್ಸರ್ ಬದಲಾಯಿಸಿ. ಹೊಸ ಗಾಡಿಗೆ ಇದು ಒಮ್ಮೊಮ್ಮೆ ಸರಿಹೋಗಬಹುದು. ಇಪ್ಪತ್ತು ಮೂವತ್ತು ವರ್ಷ ಹೊರೆ ಹೊತ್ತ ಗಾಡಿಗೆ ಇದೇ ದಾರಿ ಹಿಡಿದರೆ ಒಂದರ ಹಿಂದೊಂದು ಮೂರ್ನಾಲ್ಕು ಸೆನ್ಸರ್ ಬದಲಾಗುತ್ತವೆ, ಎಂಜಿನ್ ಮಾತ್ರ ಮೊದಲಿನ ಹಾಗೇ ಮುಕ್ಕರಿಯುತ್ತಿರುತ್ತದೆ. ಎಂಜಿನ್ನನ್ನು ನಡೆಸುವ ಕಂಪ್ಯೂಟರಿಗೆ ಎಂಜಿನ್ ಕಾಣುವುದಿಲ್ಲ, ವೈರಿನಲ್ಲಿ ಬರುವ ವೋಲ್ಟೇಜ್ ಅಷ್ಟೇ ಕಾಣುತ್ತದೆ. ಆ ವೋಲ್ಟೇಜ್ ತಪ್ಪಿದ್ದು ಸೆನ್ಸರ್ ಕೆಟ್ಟಿದ್ದರಿಂದಲೋ, ಅರ್ತಿಂಗ್ ಸಡಿಲವಾಗಿದ್ದರಿಂದಲೋ, ವಾಲ್ವುಗಳು ತೆರೆದು ಮುಚ್ಚುವ ಹೊತ್ತನ್ನು ಕಾಯುವ ಟೈಮಿಂಗ್ ಚೈನು ಜೋತುಬಿದ್ದು ಎಂಜಿನ್ನೇ ತಪ್ಪಾಗಿ ಗಾಳಿ ಎಳೆಯುತ್ತಿರುವುದರಿಂದಲೋ ಎಂಬುದನ್ನು ಕೋಡ್ ಹೇಳಲಾರದು. ಹಾಗಾಗಿ ಹಳೆ ಗಾಡಿಯಲ್ಲಿ ಮೊದಲು ಕರೆಂಟು, ಆಮೇಲೆ ಚೈನು ಅಥವಾ ಬೆಲ್ಟಿನ ಟೈಮಿಂಗ್, ಆಮೇಲೆ ಕಿಡಿಯ ಟೈಮಿಂಗ್ (ಪ್ಲಗ್ ಕಿಡಿ ಹೊಡೆಯುವ ಹೊತ್ತು), ಕಟ್ಟಕಡೆಗೆ ಸೆನ್ಸರ್ ಎಂಬ ಕ್ರಮದಲ್ಲಿ ನೋಡಬೇಕು ಎಂಬುದು ಈ ಪತ್ರದ ವಾದ. ಡೀಸೆಲ್ ಎಂಜಿನ್ನಿನ ಪಂಪ್ ಟೈಮಿಂಗ್ ಬೇರೆಯದೇ ವಿಷಯ, ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಕೈ ಹಾಕುವ ಮೊದಲು ಗಾಡಿ ಯಾವ ಪೀಳಿಗೆಯದು ಎಂದು ತಿಳಿಯಬೇಕು. ಕಾರ್ಬುರೇಟರ್ ಗಾಡಿಗಳಲ್ಲಿ, ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ತೂಕದ ತುಂಡುಗಳು, ಅವುಗಳ ಸ್ಪ್ರಿಂಗು ಮತ್ತು ವ್ಯಾಕ್ಯೂಮ್ ಡಯಾಫ್ರಮ್ ಸೇರಿ ವೇಗಕ್ಕೂ ಹೊರೆಗೂ ತಕ್ಕಂತೆ ಕಿಡಿಯನ್ನು ಮುಂಚಿತವಾಗಿ ಹೊಡೆಸುತ್ತವೆ. 1980ರ ದಶಕದಿಂದ 1990ರ ದಶಕದ ಮಧ್ಯದವರೆಗಿನ ಬಹಳಷ್ಟು ಇಂಜೆಕ್ಷನ್ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್ ಇದೆ, ಆದರೆ ಅಡ್ವಾನ್ಸ್, ಅಂದರೆ ಕಿಡಿ ಹೊಡೆಯುವ ಮುಂಚಿತ, ಎಷ್ಟಿರಬೇಕೆಂದು ತೀರ್ಮಾನಿಸುವುದು ಕಂಪ್ಯೂಟರ್. ಇಲ್ಲಿ ಕೈಯಿಂದ ಕೂರಿಸುವುದು ಬೇಸ್ ಟೈಮಿಂಗ್ (ಕಂಪ್ಯೂಟರಿನ ಅಡ್ವಾನ್ಸ್ ಸೇರುವ ಮುಂಚಿನ ಮೂಲ ಅಂಕಿ) ಒಂದನ್ನೇ. ಮೂರನೆಯ ಪೀಳಿಗೆಯಲ್ಲಿ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡ ಎಲ್ಲಿದೆ ಎಂದು ಹೇಳುವ ಕ್ರ್ಯಾಂಕ್ ಸೆನ್ಸರ್ ಕೊಡುವ ಸಂಕೇತದ ಮೇಲೆಯೇ ಕಿಡಿ ನಿಲ್ಲುತ್ತದೆ, ಡಿಸ್ಟ್ರಿಬ್ಯೂಟರ್ ಇದ್ದರೂ ಅದನ್ನು ತಿರುಗಿಸಿ ಟೈಮಿಂಗ್ ಬದಲಿಸಲು ಆಗುವುದಿಲ್ಲ. 1996ರಿಂದ ಬಂದ, ಡಿಸ್ಟ್ರಿಬ್ಯೂಟರ್ ಇರುವ ಷೆವ್ರೊಲೆ ವೋರ್ಟೆಕ್ ಎಂಜಿನ್ನುಗಳು ಇದಕ್ಕೆ ಉದಾಹರಣೆ. ಅಲ್ಲಿ ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಬದಲಾಗುವುದು ಕ್ಯಾಮ್ (ವಾಲ್ವುಗಳನ್ನು ತೆರೆಸುವ ದಂಡ) ಸಂಕೇತದ ಜಾಗ ಮತ್ತು ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರಿನ ಜಾಗ. ಸ್ಕ್ಯಾನರಿನಲ್ಲಿ ಕ್ಯಾಮ್ ರಿಟಾರ್ಡ್ ಆಫ್‌ಸೆಟ್ ಎಂಬ ಅಂಕಿ ಸೊನ್ನೆಯ ಆಚೀಚೆ 2 ಡಿಗ್ರಿಯೊಳಗೆ ಇರಬೇಕು. ಹಳೆ ಅಭ್ಯಾಸದಲ್ಲಿ ಟೈಮಿಂಗ್ ಲೈಟ್ (ಕಿಡಿ ಹೊಡೆದಾಗಲೆಲ್ಲ ಮಿಂಚಿ ಪುಲ್ಲಿಯ ಗುರುತು ತೋರಿಸುವ ದೀಪ) ಹಿಡಿದು ಇದನ್ನು ತಿರುಗಿಸಿದವರ ಗಾಡಿಗೆ ಕ್ಯಾಮ್ ಮತ್ತು ಕ್ರ್ಯಾಂಕ್ ಹೊಂದುತ್ತಿಲ್ಲ ಎನ್ನುವ ಪಿ1345 ಕೋಡೂ ಮಿಸ್ಸಿಂಗೂ ಒಟ್ಟಿಗೆ ಬರುತ್ತವೆ. ಡಾಡ್ಜ್‌ನ ಮ್ಯಾಗ್ನಮ್ ಎಂಜಿನ್ನುಗಳ ಡಿಸ್ಟ್ರಿಬ್ಯೂಟರೂ ಹೀಗೆಯೇ. ಅದನ್ನು ತಿರುಗಿಸಿದರೆ ಇಂಜೆಕ್ಟರ್ ತೆರೆಯುವ ಹೊತ್ತಿನ ಹೊಂದಾಣಿಕೆ ಬದಲಾಗುತ್ತದೆಯೇ ಹೊರತು ಕಿಡಿಯದಲ್ಲ.

ಕೋಡ್ ಓದುವ ವಿಧಾನವೂ ಪೀಳಿಗೆಗೆ ತಕ್ಕಂತೆ ಬೇರೆ. ಅಮೆರಿಕದಲ್ಲಿ 1996ರ ಮಾದರಿಯಿಂದ ಓಬಿಡಿ-2, ಅಂದರೆ ಕೋಡ್ ಓದುವ ಏಕರೂಪ ಪದ್ಧತಿ, ಕಡ್ಡಾಯವಾಯಿತು. 16 ಪಿನ್ನಿನ ಸಾಕೆಟ್ ಇದ್ದು ಅದರ ಪ್ರಕಾರ ಮಾತಾಡುವ ಗಾಡಿಗೆ ಯಾವ ಸಾಧಾರಣ ಸ್ಕ್ಯಾನರೂ ಸಾಕು. ಅದಕ್ಕಿಂತ ಹಳೆಯವುಗಳಲ್ಲಿ ದೀಪದ ಮಿಣುಕು ಎಣಿಸಬೇಕು. ಹಳೆ ಟೊಯೊಟಾಗಳಲ್ಲಿ ಬಾನೆಟ್ ಕೆಳಗಿನ ಡಯಾಗ್ನೋಸಿಸ್ ಡಬ್ಬಿಯಲ್ಲಿ ಟಿಇ1 ಮತ್ತು ಇ1 ಪಿನ್ನುಗಳನ್ನು ತುಂಡು ವೈರಿನಿಂದ ಸೇರಿಸಿದರೆ ದೀಪ ಮಿಣುಕುತ್ತದೆ, ಒಂದೇ ಸಮನೆ ನಿಲ್ಲದೆ ಮಿಣುಕಿದರೆ ಕೋಡ್ ಇಲ್ಲವೆಂದು ತಿಳಿಯಬೇಕು. ಹಳೆ ಜಿಎಂ (ಷೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್) ಗಾಡಿಗಳಲ್ಲಿ ಡಯಾಗ್ನೋಸಿಸ್ ಸಾಕೆಟ್ಟಿನ ಎ ಮತ್ತು ಬಿ ಪಿನ್ನು ಸೇರಿಸಿ ಕೀ ಆನ್ ಮಾಡಿದರೆ ಮೊದಲು 12 ಎಂದು ಮೂರು ಸಲ ಮಿಣುಕುತ್ತದೆ. ಎಂಜಿನ್ ನಿಂತಿರುವಾಗ ಅದು ದೋಷವಲ್ಲ, ಅದರ ನಂತರ ಬರುವುದು ಲೆಕ್ಕಕ್ಕೆ.

ಈಗ ಕರೆಂಟಿನ ವಿಷಯ. ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು, ಎಂಜಿನ್ ಓಡುವಾಗ ಸುಮಾರು 13.8ರಿಂದ 14.5ರ ಒಳಗಿರಬೇಕು. ಇಷ್ಟನ್ನು ಎಲ್ಲರೂ ನೋಡುತ್ತಾರೆ. ನೋಡದೆ ಬಿಡುವುದು ಅರ್ತಿಂಗ್ ವೈರಿನಲ್ಲಿ ಸೋರುವ ವೋಲ್ಟೇಜನ್ನು. ಮಲ್ಟಿಮೀಟರಿನ ಒಂದು ವೈರಿನ ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಹಿಡಿದು (ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೆ) ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಒತ್ತಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲೆಲ್ಲೋ ತುಕ್ಕೋ ಸಡಿಲ ಬೋಲ್ಟೋ ಇದೆ. ಎಂಜಿನ್ ಓಡುವಾಗ ಸೆನ್ಸರಿನ ಅರ್ತಿಂಗ್ ಪಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 0.1 ವೋಲ್ಟಿಗಿಂತ ಹೆಚ್ಚು ಇರಕೂಡದು. 5 ವೋಲ್ಟಿನ ಸೆನ್ಸರಿನ ಅರ್ತಿಂಗ್ ಅರ್ಧ ವೋಲ್ಟ್ ಮೇಲೆ ಕೂತಿದ್ದರೆ ಅದರ ಪ್ರತಿ ರೀಡಿಂಗೂ ಅರ್ಧ ವೋಲ್ಟಿನವರೆಗೆ ಸುಳ್ಳು. ಒಂದೇ ಸಲ ಮೂರು ಬೇರೆ ಬೇರೆ ಸೆನ್ಸರಿನ ಕೋಡ್ ಬಂದರೆ ಮೂರೂ ಒಟ್ಟಿಗೆ ಕೆಟ್ಟವೆಂದು ನಂಬುವುದಕ್ಕಿಂತ ಅವು ಹಂಚಿಕೊಂಡ ಅರ್ತಿಂಗ್ ಅಥವಾ 5 ವೋಲ್ಟಿನ ವೈರನ್ನು ಹುಡುಕುವುದು ಜಾಣತನ. ಆಲ್ಟರ್ನೇಟರಿನ ಡಯೋಡ್ ಕೆಟ್ಟಾಗಲೂ ವಿಚಿತ್ರ ಕೋಡುಗಳು ಹುಟ್ಟುತ್ತವೆ. ಎಂಜಿನ್ ಓಡುವಾಗ ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಗೆ ಹಿಡಿದರೆ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಆ ಅಲೆಯನ್ನು ಕಂಪ್ಯೂಟರ್ ಕ್ರ್ಯಾಂಕ್ ಸಂಕೇತವೆಂದು ತಪ್ಪು ತಿಳಿಯುವ ಸಾಧ್ಯತೆ ಇದೆ.

ಬ್ಯಾಟರಿ ಸರಿ, ಅರ್ತಿಂಗ್ ಸರಿ ಎಂದಾದ ಮೇಲೆ ಎಂಜಿನ್ನಿನ ಮುಂಭಾಗಕ್ಕೆ ಬರಬೇಕು. ಹೆಚ್ಚಿನವರು ಹಾರಿ ಹೋಗುವ ಘಟ್ಟ ಇದೇ, ಹಳೆ ಗಾಡಿಯ ಅರ್ಧ ಗುಟ್ಟು ಇರುವುದೂ ಇಲ್ಲೇ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಇವೆರಡನ್ನು ಕಟ್ಟಿರುವ ಚೈನು ವರ್ಷಗಳ ಸವೆತದಿಂದ ಉದ್ದವಾಗುತ್ತದೆ, ಅದರ ಗೈಡುಗಳು ಮುರಿಯುತ್ತವೆ, ಟೆನ್ಷನರ್ ಸೋಲುತ್ತದೆ. ಆಗ ಕ್ಯಾಮ್ ತಡವಾಗಿ ಬರುತ್ತದೆ, ವಾಲ್ವುಗಳು ತಡವಾಗಿ ಮುಚ್ಚುತ್ತವೆ. ಡಿಸ್ಟ್ರಿಬ್ಯೂಟರ್ ಕ್ಯಾಮಿನಿಂದಲೇ ತಿರುಗುವ ಎಂಜಿನ್ ಆಗಿದ್ದರೆ ಕಿಡಿಯೂ ಜೊತೆಗೇ ತಡ. ಟೊಯೊಟಾ 22ಆರ್ ಮತ್ತು 22ಆರ್‌ಇ ಎಂಜಿನ್ನುಗಳಲ್ಲಿ ಚೈನಿನ ಪ್ಲಾಸ್ಟಿಕ್ ಗೈಡ್ ಮುರಿದು, ಸಡಿಲವಾದ ಚೈನು ಮುಂಭಾಗದ ಕವರಿನ ಒಳಮೈಯನ್ನು ಉಜ್ಜಿ ಉಜ್ಜಿ ಕೂಲಂಟ್ ಹರಿಯುವ ದಾರಿಯವರೆಗೂ ತೂತು ಮಾಡುವುದು ಹೆಸರುವಾಸಿ ರೋಗ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೂಡಲೇ ಮುಂಭಾಗದಿಂದ ಕೆಲ ಕ್ಷಣ ಗಲಗಲ ಸದ್ದು ಬಂದು ಆಮೇಲೆ ಕಡಿಮೆಯಾದರೆ, ಅಥವಾ ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ, ಸೆನ್ಸರಿನ ಮಾತು ಪಕ್ಕಕ್ಕಿಟ್ಟು ಕವರ್ ತೆಗೆಯುವ ಯೋಚನೆ ಮಾಡಬೇಕು.

ಕವರ್ ತೆಗೆಯದೆಯೇ ಚೈನಿನ ಸಡಿಲ ಅಳೆಯಲು ಒಳ್ಳೆಯ ಪರೀಕ್ಷೆ ಇದೆ, ಅದಕ್ಕೆ ಬೇಕಾದದ್ದು ಉದ್ದ ಹಿಡಿಯ ಸಾಕೆಟ್ ಸ್ಪ್ಯಾನರ್ ಅಷ್ಟೇ. ಕೀ ತೆಗೆದು, ಬ್ಯಾಟರಿ ನೆಗೆಟಿವ್ ಕಳಚಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಚಕ್ರಕ್ಕೆ ಅಡ್ಡ ಕೊಟ್ಟು, ಪ್ಲಗ್ಗುಗಳನ್ನೆಲ್ಲ ಬಿಚ್ಚಬೇಕು. ಪ್ಲಗ್ ಬಿಚ್ಚದಿದ್ದರೆ ಕಂಪ್ರೆಷನ್ ಒತ್ತಿ ಕೈಗೆ ಸರಿಯಾದ ಅಂದಾಜು ಸಿಗುವುದಿಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ರೋಟರ್ ಕಾಣುವಂತೆ ಮಾಡಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಮೆಲ್ಲಗೆ ತಿರುಗಿಸಿ. ಮುಂದಿನಿಂದ ನೋಡಿದರೆ ಹೆಚ್ಚಿನ ಎಂಜಿನ್ನುಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತವೆ. ಟೈಮಿಂಗ್ ಗುರುತು ಸೊನ್ನೆಗೆ ಬಂದಾಗ ನಿಲ್ಲಿಸಿ. ಈಗ ಇನ್ನೊಬ್ಬರು ರೋಟರಿನ ಮೇಲೆ ಕಣ್ಣಿಟ್ಟಿರಲಿ, ನೀವು ಸ್ಪ್ಯಾನರನ್ನು ಹಿಮ್ಮುಖವಾಗಿ ಎಳೆಯಿರಿ. ರೋಟರ್ ಅಲುಗಿತು ಎಂದ ಕ್ಷಣ ನಿಲ್ಲಿಸಿ ಪುಲ್ಲಿಯ ಗುರುತು ಎಷ್ಟು ಡಿಗ್ರಿ ಸರಿದಿದೆ ನೋಡಿ. 5 ಡಿಗ್ರಿಯೊಳಗಿದ್ದರೆ ಚಿಂತೆಯಿಲ್ಲ. 10 ದಾಟಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ನಡುವೆ ಬಂದರೆ ಡಿಸ್ಟ್ರಿಬ್ಯೂಟರಿನ ಗೇರ್, ಅದರ ಪಿನ್ನು ಸವೆದಿಲ್ಲವೇ ಎಂದು ರೋಟರನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಿ ನೋಡಬೇಕು, ಏಕೆಂದರೆ ಆ ಸಡಿಲವೂ ಇದೇ ಲೆಕ್ಕದಲ್ಲಿ ಸೇರಿಕೊಂಡಿರುತ್ತದೆ. ಬೆಲ್ಟ್ ಇರುವ ಎಂಜಿನ್ನಿಗೆ ಮಾತ್ರ ಈ ಹಿಮ್ಮುಖ ಎಳೆತ ಬೇಡ, ಹಲ್ಲು ಜಾರುವ ಅಪಾಯವಿದೆ. ಮೇಲಿನ ಕವರ್ ತೆಗೆದು ಗುರುತುಗಳನ್ನು ನೇರವಾಗಿಯೇ ನೋಡಬಹುದು.

ಆದರೆ ಪುಲ್ಲಿಯ ಮೇಲಿನ ಗುರುತೇ ಸುಳ್ಳು ಹೇಳಿದರೆ? ಹಳೆ ಗಾಡಿಯಲ್ಲಿ ಇದು ಊಹೆಗೂ ಮೀರಿ ಸಾಮಾನ್ಯ. ಕ್ರ್ಯಾಂಕಿನ ಡ್ಯಾಂಪರ್ ಪುಲ್ಲಿ ಎರಡು ಲೋಹದ ಉಂಗುರ, ನಡುವೆ ರಬ್ಬರ್. ರಬ್ಬರ್ ಒಣಗಿ ಬಿಟ್ಟುಕೊಂಡರೆ ಹೊರ ಉಂಗುರ ಜಾರುತ್ತದೆ, ಅದರ ಜೊತೆ ಗುರುತೂ ಜಾರುತ್ತದೆ. ಆಗ ಟೈಮಿಂಗ್ ಲೈಟ್ ಹಿಡಿದು ಎಷ್ಟು ನಿಖರವಾಗಿ ಕೂರಿಸಿದರೂ ಕೂರಿಸಿದ್ದು ತಪ್ಪು ಜಾಗಕ್ಕೇ. ಪಿಸ್ಟನ್ ನಿಜವಾಗಿ ತುತ್ತತುದಿಗೆ ಬರುವ ಜಾಗ, ಅಂದರೆ ಟಿಡಿಸಿ, ಕಂಡುಹಿಡಿಯಲು ಮೊದಲ ಸಿಲಿಂಡರಿನ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ (ಪಿಸ್ಟನ್ ಮೇಲೇರದಂತೆ ತಡೆಯುವ ಗೂಟ) ತಿರುಗಿಸಿ ಹಾಕಬೇಕು. ಕೈಯಿಂದ ಒಂದು ದಿಕ್ಕಿಗೆ ತಿರುಗಿಸಿ ಪಿಸ್ಟನ್ ಮೆಲ್ಲಗೆ ತಾಗಿದಲ್ಲಿ ಪುಲ್ಲಿಗೆ ಒಂದು ಗೀಟು, ಇನ್ನೊಂದು ದಿಕ್ಕಿಗೆ ತಿರುಗಿಸಿ ತಾಗಿದಲ್ಲಿ ಮತ್ತೊಂದು ಗೀಟು. ಎರಡರ ಸರಿ ನಡುವೆ ಇರುವುದೇ ಟಿಡಿಸಿ. ಕಾರ್ಖಾನೆಯ ಗುರುತು ಅಲ್ಲಿಲ್ಲದಿದ್ದರೆ ಪುಲ್ಲಿ ಬದಲಿಸಿ. ಬಿಳಿ ಬಣ್ಣದಲ್ಲಿ ಹೊಸ ಗುರುತು ಹಾಕಿಕೊಂಡು ಹೋಗುವವರಿದ್ದಾರೆ, ಜಾರಲು ಶುರುವಾದ ಉಂಗುರ ಮುಂದೆಯೂ ಜಾರುತ್ತದೆ. ಸ್ಟಾಪ್ ಒಳಗಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬಾರದು, ಪಿಸ್ಟನ್ ತೂತಾಗುತ್ತದೆ.

ವ್ಯಾಕ್ಯೂಮ್ ಗೇಜ್ ಈಗ ಯಾರ ಕೈಯಲ್ಲೂ ಕಾಣುವುದಿಲ್ಲ, ಅದು ನಷ್ಟವೇ ಸರಿ. ಬಿಸಿಯಾದ ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ ಸಮುದ್ರಮಟ್ಟದ ಊರಲ್ಲಿ ಪಾದರಸದ 17ರಿಂದ 21 ಇಂಚು ಅಲುಗದೆ ತೋರಿಸುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಒಂದು ಇಂಚು ಕಳೆಯಬೇಕು. ಮುಳ್ಳು ಸ್ಥಿರವಾಗಿದ್ದು 14-16ರ ಹತ್ತಿರ ನಿಂತರೆ ಕಿಡಿ ತಡವಾಗಿರಬಹುದು. ಅದಕ್ಕಿಂತಲೂ ಕೆಳಗೆ ಸ್ಥಿರವಾಗಿದ್ದರೆ ವಾಲ್ವ್ ಟೈಮಿಂಗ್ ಮೇಲೆ, ಅಂದರೆ ಚೈನು ಹಲ್ಲು ಹಾರಿರುವುದರ ಮೇಲೆ, ಅಥವಾ ದೊಡ್ಡ ಗಾಳಿ ಸೋರಿಕೆಯ ಮೇಲೆ ಅನುಮಾನ ಹೋಗಬೇಕು. 2500 ಆರ್‌ಪಿಎಂನಲ್ಲಿ ಹಿಡಿದಾಗ ಮುಳ್ಳು ನಿಧಾನಕ್ಕೆ ಇಳಿಯುತ್ತಾ ಹೋದರೆ ಸೈಲೆನ್ಸರ್ ದಾರಿ ಕಟ್ಟಿಕೊಂಡಿದೆ. ಕಂಪ್ರೆಷನ್ ಪರೀಕ್ಷೆಯಲ್ಲಿ ಎಲ್ಲ ಸಿಲಿಂಡರೂ ಸಮನಾಗಿ ಕಡಿಮೆ ಬಂದರೂ ಕ್ಯಾಮ್ ಟೈಮಿಂಗಿನ ಕಡೆಗೇ ಬೆರಳು. ಒಂದೋ ಎರಡೋ ಮಾತ್ರ ಕಡಿಮೆ ಬಂದರೆ ವಾಲ್ವು, ರಿಂಗು ಅಥವಾ ಹೆಡ್ ಗ್ಯಾಸ್ಕೆಟ್.

ಚೈನಿನ ದೋಷ ಸೆನ್ಸರ್ ದೋಷದ ವೇಷ ಹಾಕುವುದು ಹೇಗೆ ಎಂಬುದನ್ನು ಇಲ್ಲೇ ಹೇಳಬೇಕು. ಕ್ಯಾಮ್ ತಡವಾದರೆ ಸಿಲಿಂಡರುಗಳಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಕಡಿಮೆಯಾಗುತ್ತದೆ. ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದು) ಇರುವ ಗಾಡಿಯಲ್ಲಿ ಕಂಪ್ಯೂಟರ್ ಅದನ್ನು ‘ಗಾಡಿಯ ಮೇಲೆ ಹೊರೆ ಇದೆ’ ಎಂದು ಓದುತ್ತದೆ, ಪೆಟ್ರೋಲ್ ಹೆಚ್ಚಿಸುತ್ತದೆ, ಅಡ್ವಾನ್ಸ್ ಕಡಿಮೆ ಮಾಡುತ್ತದೆ. ಎಂಜಿನ್ ಇನ್ನಷ್ಟು ಮಂಕಾಗುತ್ತದೆ, ಸೈಲೆನ್ಸರಿನಿಂದ ಪೆಟ್ರೋಲ್ ವಾಸನೆ ಬರುತ್ತದೆ, ಕೊನೆಗೆ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಎಂಬ ಪಿ0172 ಕೋಡ್. ಈ ಇಡೀ ಸರಪಳಿಯಲ್ಲಿ ಮ್ಯಾಪ್ ಸೆನ್ಸರ್ ಆಕ್ಸಿಜನ್ ಸೆನ್ಸರ್ ಎರಡೂ ನಿಜವನ್ನೇ ಹೇಳುತ್ತಿವೆ, ಆದರೂ ಬದಲಾಗುವುದು ಅವೇ. ಕ್ಯಾಮ್ ಮತ್ತು ಕ್ರ್ಯಾಂಕ್ ಹೊಂದುತ್ತಿಲ್ಲ ಎನ್ನುವ ಪಿ0016 ಬಂದಾಗಲೂ ಹೀಗೆಯೇ. ಎರಡೂ ಸೆನ್ಸರ್ ಕೊಳ್ಳುವ ಮೊದಲು ಚೈನು ನೋಡಬೇಕು.

ಎಂಜಿನ್ನಿನ ಒಳಗು ಸರಿಯಿದೆ ಎಂದಾದ ಮೇಲೆ ಕಿಡಿಯ ಬೇಸ್ ಟೈಮಿಂಗ್. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಎಸಿ ಮತ್ತು ಹೆಡ್‌ಲೈಟ್ ಆಫ್ ಇರಬೇಕು, ಐಡ್ಲಿಂಗ್ ಹೇಳಿದ ವೇಗದಲ್ಲಿರಬೇಕು. ಟೈಮಿಂಗ್ ಲೈಟಿನ ಕ್ಲ್ಯಾಂಪ್ ಮೊದಲ ಸಿಲಿಂಡರಿನ ಪ್ಲಗ್ ವೈರಿಗೆ, ಅದರ ಮೇಲಿನ ಬಾಣ ಪ್ಲಗ್ ಕಡೆಗೆ. ಕಾರ್ಬುರೇಟರ್ ಗಾಡಿಯಾದರೆ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಹೋಸ್ ಕಳಚಿ ಅದರ ಬಾಯಿ ಮುಚ್ಚಬೇಕು. ಕಂಪ್ಯೂಟರ್ ಗಾಡಿಯಾದರೆ ಕಂಪ್ಯೂಟರಿನ ಕೈಯನ್ನು ಮೊದಲು ಕಟ್ಟಬೇಕು, ಇಲ್ಲದಿದ್ದರೆ ನೀವು ತಿರುಗಿಸಿದ್ದನ್ನು ಅದು ತನ್ನ ಲೆಕ್ಕದಲ್ಲಿ ಬದಲಿಸುತ್ತಲೇ ಇರುತ್ತದೆ. ಟೊಯೊಟಾ 22ಆರ್‌ಇಯಲ್ಲಿ ಮೊದಲೇ ಹೇಳಿದ ಅದೇ ತುಂಡು ವೈರನ್ನು ಹಾಕಿ ಟಿಡಿಸಿಗೆ 5 ಡಿಗ್ರಿ ಮುಂಚೆ ಕೂರಿಸಬೇಕು. ಹಳೆ ಫೋರ್ಡ್ ಇಂಜೆಕ್ಷನ್ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್ ಹತ್ತಿರದ ವೈರಿನಲ್ಲಿರುವ ಸ್ಪೌಟ್ ಎಂಬ ಪುಟ್ಟ ಕಪ್ಲರ್ ಕೀಳಬೇಕು, ಬಹುಪಾಲು ಎಂಜಿನ್ನಿಗೆ 10 ಡಿಗ್ರಿ. ಥ್ರಾಟಲ್ ಬಾಡಿ ಇಂಜೆಕ್ಷನ್ನಿನ 5.7 ಲೀಟರ್ ಷೆವ್ರೊಲೆಯಲ್ಲಿ ಕಪ್ಪು ಗೆರೆಯ ತಿಳಿಗಂದು ವೈರಿನ ಒಂಟಿ ಕಪ್ಲರ್ ಬಿಡಿಸಿ ಸೊನ್ನೆಗೆ ಕೂರಿಸಬೇಕು. ಆ ವೈರ್ ಬಿಡಿಸಿ ಎಂಜಿನ್ ಓಡಿಸಿದ್ದಕ್ಕೆ ಕೋಡ್ 42 ದಾಖಲಾಗುತ್ತದೆ, ಕೆಲಸ ಮುಗಿದ ಮೇಲೆ ಅದನ್ನು ಅಳಿಸದೆ ಬಿಟ್ಟರೆ ಮುಂದೆ ನೋಡುವವರು ದಾರಿ ತಪ್ಪುತ್ತಾರೆ. ಯಾವ ಗಾಡಿಯಾದರೂ ಬಾನೆಟ್ ಕೆಳಗಿನ ಸ್ಟಿಕ್ಕರಿನ ಅಂಕಿಯೇ ಕೊನೆಯ ಮಾತು.

ಡಿಸ್ಟ್ರಿಬ್ಯೂಟರ್ 1 ಡಿಗ್ರಿ ತಿರುಗಿದರೆ ಕ್ರ್ಯಾಂಕ್ ಲೆಕ್ಕದಲ್ಲಿ 2 ಡಿಗ್ರಿ, ಆದ್ದರಿಂದ ಬೋಲ್ಟನ್ನು ಪೂರ್ತಿ ಬಿಡದೆ ಕೈಗೆ ಬಿಗಿಯಾಗಿ ತಿರುಗುವಷ್ಟೇ ಸಡಿಲಿಸಬೇಕು. ಬೋಲ್ಟ್ ಬಿಗಿದ ಮೇಲೆ ಮತ್ತೆ ಲೈಟ್ ಹಿಡಿಯಬೇಕು, ಬಿಗಿಯುವಾಗ ಒಂದೆರಡು ಡಿಗ್ರಿ ಸರಿಯುವುದು ಮಾಮೂಲು. ಗುರುತು ಒಂದೇ ಕಡೆ ನಿಂತು ತಪ್ಪು ತೋರಿಸಿದರೆ ಹೊಂದಿಸಿದರೆ ಮುಗಿಯಿತು. ನಿಲ್ಲದೆ 4-5 ಡಿಗ್ರಿ ಅತ್ತಿತ್ತ ಕುಣಿಯುತ್ತಿದ್ದರೆ ಹೊಂದಿಸುವುದು ವ್ಯರ್ಥ, ಚೈನಿನಲ್ಲೋ ಡಿಸ್ಟ್ರಿಬ್ಯೂಟರ್ ಬುಶ್ಶಿನಲ್ಲೋ ಆಟ ಇದೆ. ಕೊನೆಗೆ ಜಂಪರ್ (ಆ ತುಂಡು ವೈರ್) ತೆಗೆದಾಗ ಅಥವಾ ಕಪ್ಲರ್ ಸೇರಿಸಿದಾಗ ಗುರುತು ಮುಂದಕ್ಕೆ ಜಿಗಿಯಬೇಕು, ಆಕ್ಸಿಲರೇಟರ್ ಕೊಟ್ಟಾಗ ಇನ್ನೂ ಮುಂದೆ ಹೋಗಬೇಕು. ಹೋಗದಿದ್ದರೆ ಕಂಪ್ಯೂಟರ್ ಅಡ್ವಾನ್ಸ್ ಕೊಡುತ್ತಿಲ್ಲ ಎಂದರ್ಥ, ಆಗ ಸೆನ್ಸರುಗಳ ಸರದಿ. ಟೊಯೊಟಾದಲ್ಲಿ, ಗಾಳಿಯ ಬಾಗಿಲು ಎಷ್ಟು ತೆರೆದಿದೆ ಎಂದು ಹೇಳುವ ಥ್ರಾಟಲ್ ಸೆನ್ಸರಿನ ಐಡಲ್ ಕಾಂಟ್ಯಾಕ್ಟ್ ಮುಚ್ಚದಿದ್ದರೆ ಜಂಪರ್ ಹಾಕಿದರೂ ಬೇಸ್ ಟೈಮಿಂಗ್ ಸರಿಯಾಗಿ ಕಾಣುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಸೆನ್ಸರುಗಳಲ್ಲಿ ಹೆಚ್ಚು ಸತಾಯಿಸುವುದು ಕ್ರ್ಯಾಂಕ್ ಸೆನ್ಸರ್, ಅಥವಾ ಡಿಸ್ಟ್ರಿಬ್ಯೂಟರಿನೊಳಗೆ ಅದೇ ಕೆಲಸ ಮಾಡುವ ಪಿಕಪ್ ಕಾಯಿಲ್. ತಣ್ಣಗಿರುವಾಗ ಸರಿ, ಬಿಸಿಯಾದ ಮೇಲೆ ಏಕಾಏಕಿ ಎಂಜಿನ್ ಬಂದ್, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಇದಕ್ಕೆ ಪೆಟ್ರೋಲ್ ಪಂಪ್ ಕೂಡ ಕಾರಣವಾಗಬಹುದಾದ್ದರಿಂದ, ನಿಂತ ಕ್ಷಣದಲ್ಲೇ ಎರಡನ್ನೂ ಬೇರ್ಪಡಿಸಬೇಕು. ಸೆಲ್ಫ್ ಹೊಡೆಯುತ್ತಾ ಸ್ಕ್ಯಾನರಿನಲ್ಲಿ ಆರ್‌ಪಿಎಂ ನೋಡಿ. 150-250ರ ನಡುವೆ ತೋರಿಸಿದರೆ ಕಂಪ್ಯೂಟರಿಗೆ ಸಂಕೇತ ಸಿಗುತ್ತಿದೆ. ಸೊನ್ನೆಯಾಗಿದ್ದು ಕಿಡಿಯೂ ಇಲ್ಲದಿದ್ದರೆ ಸೆನ್ಸರ್, ಅದರ ವೈರು ಅಥವಾ ಮುರಿದ ಹಲ್ಲಿನ ಚಕ್ರ. ಕಿಡಿ ಇದ್ದು ಪ್ಲಗ್ ಒಣಗಿದ್ದರೆ ಪಂಪಿನ ಕಡೆ ಹೋಗಿ. ಹಳೆ ಫೋರ್ಡ್‌ಗಳಲ್ಲಿ ಡಿಸ್ಟ್ರಿಬ್ಯೂಟರಿನ ಪಕ್ಕಕ್ಕೇ ಅಂಟಿಕೊಂಡಿರುವ ಟಿಎಫ್‌ಐ ಇಗ್ನಿಷನ್ ಮಾಡ್ಯೂಲ್ ಎಂಜಿನ್ನಿನ ಶಾಖಕ್ಕೆ ಸೋತು ಇದೇ ಲಕ್ಷಣ ತೋರಿಸುತ್ತದೆ. ಹೊಸದು ಹಾಕುವಾಗ ಅದರ ಬೆನ್ನಿಗೆ ಶಾಖ ಸಾಗಿಸುವ ಪೇಸ್ಟ್ ತೆಳುವಾಗಿ ಹಚ್ಚದಿದ್ದರೆ ಹೊಸದೂ ಬಹುಕಾಲ ಬಾಳುವುದಿಲ್ಲ.

ಎರಡು ವೈರಿನ ಮ್ಯಾಗ್ನೆಟ್ ಸೆನ್ಸರ್ ತಾನೇ ಕರೆಂಟ್ ಹುಟ್ಟಿಸುತ್ತದೆ. ಕಪ್ಲರ್ ಬಿಚ್ಚಿ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಸೆಲ್ಫ್ ಹೊಡೆದರೆ ಅರ್ಧ ವೋಲ್ಟಿನ ಆಸುಪಾಸಾದರೂ ಬರಬೇಕು. ಓಮ್ ಅಳತೆಯನ್ನು ತಣ್ಣಗಿದ್ದಾಗ ಒಮ್ಮೆ, ಹೇರ್ ಡ್ರೈಯರ್ ಹಿಡಿದು ಬಿಸಿಯಾದಾಗ ಒಮ್ಮೆ ನೋಡಬೇಕು. ಬಿಸಿಯಲ್ಲಿ ಅಳತೆ ಸ್ವಲ್ಪ ಏರುವುದು ಸಹಜ, ಅನಂತಕ್ಕೆ ಹೋದರೆ ಒಳಗಿನ ಸುರುಳಿ ತುಂಡಾಗಿದೆ. ಹೊರಗಿನ ಸಪ್ಲೈ ಬೇಕಾದ ಮೂರು ವೈರಿನ ‘ಹಾಲ್ ಎಫೆಕ್ಟ್’ ಸೆನ್ಸರಿಗೆ ಓಮ್ ಅಳೆಯುವುದು ನಿಷ್ಪ್ರಯೋಜಕ. ಅದಕ್ಕೆ ಸಪ್ಲೈ ಬರುತ್ತಿದೆಯೇ, ಅರ್ತಿಂಗ್ ಸರಿಯೇ, ಕಪ್ಲರ್ ಸೇರಿಸಿಯೇ ಇಟ್ಟು ಎಂಜಿನನ್ನು ಕೈಯಿಂದ ತಿರುಗಿಸಿದಾಗ ಸಿಗ್ನಲ್ ವೈರಿನ ವೋಲ್ಟೇಜ್ ಸೊನ್ನೆಯ ಹತ್ತಿರಕ್ಕೂ ಮೇಲಕ್ಕೂ ಜಿಗಿಯುತ್ತಿದೆಯೇ ನೋಡಬೇಕು. ಸೆನ್ಸರ್ ಬಿಚ್ಚಿದಾಗ ಅದರ ತುದಿಗೆ ಮೆತ್ತಿದ ಕಬ್ಬಿಣದ ಪುಡಿಯನ್ನು ಒರೆಸಿ. ಆ ಪುಡಿ ಎಲ್ಲಿಂದ ಬಂತು ಎಂದು ಹುಡುಕುವುದು ಸೆನ್ಸರಿಗಿಂತ ಮುಖ್ಯವಾಗಿರಬಹುದು. ಸೆನ್ಸರಿನ ವೈರು ಪ್ಲಗ್ ವೈರಿಗೆ ತಾಗಿಕೊಂಡು ಹೋಗಕೂಡದು.

ಕೂಲಂಟ್ ಸೆನ್ಸರಿನ ಪರೀಕ್ಷೆ ಸುಲಭ, ಆದರೂ ಯಾರೂ ಮಾಡುವುದಿಲ್ಲ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಸ್ಕ್ಯಾನರಿನಲ್ಲಿ ಕೂಲಂಟ್ ಉಷ್ಣತೆ, ಒಳಬರುವ ಗಾಳಿಯ ಉಷ್ಣತೆ ಎರಡೂ ಹೊರಗಿನ ಹವೆಗೆ ಹತ್ತಿರ ಇರಬೇಕು. ಒಂದು ಮಾತ್ರ 20 ಡಿಗ್ರಿ ಆಚೆ ಇದ್ದರೆ ಅದೇ ಕಳ್ಳ. ಬಹಳಷ್ಟು ಗಾಡಿಗಳಲ್ಲಿ ಕಪ್ಲರ್ ಕಿತ್ತರೆ ಸ್ಕ್ಯಾನರ್ ಮೈನಸ್ 40 ತೋರಿಸುತ್ತದೆ, ಕಪ್ಲರಿನ ಎರಡು ಪಿನ್ನು ಸೇರಿಸಿದರೆ 130 ದಾಟಿದ ಅಂಕಿ ತೋರಿಸುತ್ತದೆ. ಎರಡೂ ಹಾಗೇ ಬಂದರೆ ವೈರು, ಕಂಪ್ಯೂಟರ್ ಎರಡೂ ಸರಿ, ಸೆನ್ಸರ್ ಬದಲಿಸಬಹುದು. ಬರದಿದ್ದರೆ ಹೊಸ ಸೆನ್ಸರ್ ಹಾಕಿ ಉಪಯೋಗವಿಲ್ಲ. ಓಮ್ ಲೆಕ್ಕದಲ್ಲಿ, ಉದಾಹರಣೆಗೆ ಹಳೆ ಟೊಯೊಟಾಗಳಲ್ಲಿ, 20 ಡಿಗ್ರಿಯಲ್ಲಿ 2ರಿಂದ 3 ಕಿಲೋಓಮ್, 80 ಡಿಗ್ರಿಯಲ್ಲಿ 200ರಿಂದ 400 ಓಮ್. ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡು ಎಂಜಿನ್ ಬಿಸಿಯೇ ಆಗದಿದ್ದಾಗಲೂ ಕೂಲಂಟ್ ಸಾಕಷ್ಟು ಬಿಸಿಯಿಲ್ಲ ಎಂಬ ಪಿ0128 ಬರುತ್ತದೆ, ಬೈಗುಳ ಮಾತ್ರ ಸೆನ್ಸರಿಗೆ.

ಥ್ರಾಟಲ್ ಸೆನ್ಸರ್ ಮುಚ್ಚಿದಾಗ ಸುಮಾರು 0.5 ವೋಲ್ಟ್, ಪೂರ್ತಿ ತೆರೆದಾಗ 4.5ರ ಹತ್ತಿರ. ಪೆಡಲನ್ನು ಬಹಳ ನಿಧಾನವಾಗಿ ಒತ್ತುತ್ತಾ ಮುಳ್ಳಿನ ಮೀಟರಿನಲ್ಲಿ ನೋಡಿದರೆ ನಡುವೆ ಎಲ್ಲಾದರೂ ಕುಸಿದು ಏಳುವುದು ಕಾಣುತ್ತದೆ, ಅಂಕಿಯ ಮೀಟರ್ ಇದನ್ನು ನುಂಗಿಬಿಡುತ್ತದೆ. ಮ್ಯಾಪ್ ಸೆನ್ಸರ್ ಸಮುದ್ರಮಟ್ಟದಲ್ಲಿ ಕೀ ಆನ್ ಮಾಡಿ ಎಂಜಿನ್ ನಿಂತಿರುವಾಗ 4.5 ದಾಟಿ, ಐಡ್ಲಿಂಗ್‌ನಲ್ಲಿ 1ರಿಂದ 2ರ ಒಳಗೆ. ಹಳೆ ಫೋರ್ಡ್‌ನ ಮ್ಯಾಪ್ ಸೆನ್ಸರ್ ಮಾತ್ರ ವೋಲ್ಟಿನಲ್ಲಿ ಮಾತಾಡುವುದಿಲ್ಲ, ಹರ್ಟ್ಝ್‌ನಲ್ಲಿ ಮಾತಾಡುತ್ತದೆ. ವೋಲ್ಟ್ ಮೀಟರ್ ಹಿಡಿದರೆ ಎರಡೂವರೆಯ ಹತ್ತಿರ ಅಲುಗದೆ ನಿಂತು ಕೆಟ್ಟಿದೆಯೆಂದು ನಂಬಿಸುತ್ತದೆ. ಒಳಬರುವ ಗಾಳಿಯ ಪ್ರಮಾಣ ಅಳೆಯುವ ಮ್ಯಾಫ್ ಸೆನ್ಸರ್ ಇದ್ದರೆ ಅದಕ್ಕೆಂದೇ ಬರುವ ಸ್ಪ್ರೇ ಬಿಟ್ಟು ಬೇರೇನೂ ಬೇಡ, ತಂತಿಗೆ ಬೆರಳು ತಾಗಿಸಬಾರದು.

ಆಕ್ಸಿಜನ್ ಸೆನ್ಸರ್ ಬಿಸಿಯಾದ ಮೇಲೆ 0.1 ಮತ್ತು 0.9 ವೋಲ್ಟಿನ ನಡುವೆ ಓಲಾಡುತ್ತಿರಬೇಕು. ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಎಂಬ ಪಿ0171 ಕೋಡಿಗೆ ಈ ಸೆನ್ಸರ್ ಬದಲಿಸುವಷ್ಟು ವ್ಯರ್ಥ ಖರ್ಚು ಇನ್ನೊಂದಿಲ್ಲ. ಒಂದು ಪ್ಲಗ್ ಕಿಡಿ ಕೊಡದಿದ್ದರೆ ಆ ಸಿಲಿಂಡರಿನ ಆಕ್ಸಿಜನ್ ಸುಡದೆ ಹೊರಬರುತ್ತದೆ, ಸೆನ್ಸರ್ ಅದನ್ನೇ ಲೀನ್ ಎಂದು ಹೇಳುತ್ತದೆ, ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಸೆನ್ಸರಿಗೆ ಮುಂಚಿನ ಸೈಲೆನ್ಸರ್ ಪೈಪಿನ ಬಿರುಕಿನಿಂದ ಒಳನುಗ್ಗುವ ಗಾಳಿಯೂ ಹೀಗೇ ಮೋಸ ಮಾಡುತ್ತದೆ. ಸೆನ್ಸರ್ ಬದುಕಿದೆಯೇ ಎಂದು ತಿಳಿಯಲು ಗಾಳಿಯ ದಾರಿಯಲ್ಲಿ ಸ್ವಲ್ಪ ಪ್ರೊಪೇನ್ ಬಿಟ್ಟು ನೋಡಿ. 0.8ರ ಮೇಲಕ್ಕೆ ಚುರುಕಾಗಿ ಏರಿ, ನಿಲ್ಲಿಸಿದಾಗ ಚುರುಕಾಗಿ ಇಳಿದರೆ ಅದು ಆರೋಗ್ಯವಾಗಿದೆ, ರಬ್ಬರ್ ಹೋಸುಗಳನ್ನೂ ಮ್ಯಾನಿಫೋಲ್ಡ್ ಗ್ಯಾಸ್ಕೆಟನ್ನೂ ಹುಡುಕಿ. ಬೆಂಕಿಯ ಕಿಡಿ ಸುತ್ತಮುತ್ತ ಇರಬಾರದು ಎಂದು ಬೇರೆ ಹೇಳಬೇಕಿಲ್ಲ.

ಎಂಜಿನ್ನಿನೊಳಗಿನ ಬಡಿತ (ನಾಕಿಂಗ್) ಕೇಳಿಸಿಕೊಳ್ಳುವ ನಾಕ್ ಸೆನ್ಸರ್ ಬಗ್ಗೆ ಎರಡು ಮಾತು. 1999ರಿಂದ 2000ರ ದಶಕದ ಮಧ್ಯದವರೆಗಿನ ಷೆವ್ರೊಲೆಯ 4.8 ಮತ್ತು 5.3 ಲೀಟರ್ ಪಿಕಪ್ ಎಂಜಿನ್ನುಗಳಲ್ಲಿ ಇವು ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗಿನ ಗುಳಿಯಲ್ಲಿ ಕೂತಿವೆ, ಅಲ್ಲಿ ನೀರು ಇಳಿದು ತುಕ್ಕು ಹಿಡಿದಾಗ ಪಿ0327 ಅಥವಾ ಪಿ0332 ಬರುತ್ತದೆ. ಮ್ಯಾನಿಫೋಲ್ಡ್ ತೆಗೆದ ಮೇಲೆ ಎರಡೂ ಸೆನ್ಸರ್, ಅವುಗಳ ವೈರು ಒಟ್ಟಿಗೇ ಬದಲಿಸಿ, ಟಾರ್ಕ್ ವ್ರೆಂಚಿನಲ್ಲಿ 20 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಹೆಚ್ಚು ಬಿಗಿದರೂ ಕಡಿಮೆ ಬಿಗಿದರೂ ಅದು ಕೇಳುವ ಸದ್ದು ಬದಲಾಗುತ್ತದೆ. ಸಡಿಲ ಚೈನಿನ ಬಡಿತವನ್ನೂ ಈ ಸೆನ್ಸರ್ ನಾಕಿಂಗ್ ಎಂದು ಕೇಳಿ ಟೈಮಿಂಗ್ ಹಿಂದಕ್ಕೆ ಎಳೆಸಬಲ್ಲದು, ಆಗ ಮತ್ತೆ ಮುಂಭಾಗದ ಕವರಿಗೇ ಬರಬೇಕಾಗುತ್ತದೆ.

ಕೊನೆಯದಾಗಿ, ಕೋಡ್ ಅಳಿಸುವ ಅಥವಾ ಬ್ಯಾಟರಿ ಕಳಚುವ ಮೊದಲು ಓಬಿಡಿ-2 ಗಾಡಿಯ ಫ್ರೀಜ್ ಫ್ರೇಮನ್ನು ಕಾಗದದಲ್ಲಿ ಬರೆದುಕೊಳ್ಳಬೇಕು. ದೋಷ ಕಂಡ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಕೂಲಂಟ್ ಎಷ್ಟು ಬಿಸಿಯಿತ್ತು, ಹೊರೆ ಎಷ್ಟಿತ್ತು, ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡಿದ ಪ್ರಮಾಣ) ಆಚೀಚೆ ಶೇಕಡಾ 10 ದಾಟಿತ್ತೇ ಎಂಬುದೆಲ್ಲ ಅಲ್ಲಿರುತ್ತದೆ, ಅಳಿಸಿದರೆ ಹೋಯಿತು. ಬ್ಯಾಟರಿ ಕಳಚಿದ ಮೇಲೆ ಕಂಪ್ಯೂಟರ್ ಕಲಿತದ್ದನ್ನು ಮರೆತಿರುವುದರಿಂದ ಮೊದಲ ಕೆಲ ಕಿಲೋಮೀಟರ್ ಐಡ್ಲಿಂಗ್ ಏರಿಳಿಯುತ್ತದೆ, ಅದನ್ನು ಹೊಸ ದೋಷವೆಂದು ತಿಳಿದು ಮತ್ತೆ ಸ್ಪ್ಯಾನರ್ ಹಿಡಿಯಬೇಡಿ. ಪರೀಕ್ಷೆಯ ಓಟವನ್ನು ಖಾಲಿ ಗಾಡಿಯಲ್ಲಿ ಸಮತಟ್ಟು ರಸ್ತೆಯಲ್ಲಿ ಮಾಡಿ ಬಿಡದೆ, ಸ್ವಲ್ಪ ಹೊರೆ ಹಾಕಿ ಏರಿನಲ್ಲಿ ಟಾಪ್ ಗೇರಿಗಿಂತ ಒಂದು ಕೆಳಗಿನ ಗೇರಿನಲ್ಲಿ ಎಳೆಸಿ ನೋಡಬೇಕು. ಅಲ್ಲಿ ಕಟಕಟ ಎಂದು ನಾಕಿಂಗ್ ಕೇಳಿದರೆ ಡಿಸ್ಟ್ರಿಬ್ಯೂಟರ್ ಗಾಡಿಯಲ್ಲಿ ಬೇಸ್ ಟೈಮಿಂಗನ್ನು ಮತ್ತೊಮ್ಮೆ ಲೈಟ್ ಹಿಡಿದು ನೋಡಿ. ಅದು ಸರಿಯಿದ್ದೂ ನಾಕಿಂಗ್ ನಿಲ್ಲದಿದ್ದರೆ ಇಜಿಆರ್ ವಾಲ್ವ್ (ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವುದು) ಕಾರ್ಬನ್ ಕಟ್ಟಿ ತೆರೆಯುತ್ತಿಲ್ಲವೇ ಎಂದು ಬಿಚ್ಚಿ ನೋಡುವುದು ಮುಂದಿನ ಕೆಲಸ.

ಇತಿ,
ಗ್ಯಾರೇಜ್ ಕೆಲಸದ ಒಬ್ಬ ಓದುಗ